ನೀಲಿ ಉಗುರು

ಕೌಲ್ ಬಜಾರಿನ ಒಂದು ಸಂದಿಯೊಳಗೆ
ಎರ್ರಿಸ್ವಾಮಿಯ ಜೀನ್ಸ್ ಕಾರ್ಖಾನೆ: ಹನ್ನೆರಡು ಮಿಷನ್ನು,
ಒಂದು ನಾಯಿ, ಬಾಗಿಲಿಗೆ ನಿಂಬೆಹಣ್ಣು.
ಅವನಿಗೆ ವೆಬ್‌ಸೈಟ್ ಮಾಡಿಕೊಟ್ಟವನು ನಾನು,
ಮುಂಗಡ ಎರಡು ಸಾವಿರ, ಬಾಕಿಗೆ ಎರಡು ಪ್ಯಾಂಟು.

ಹತ್ತೊಂಬತ್ತು ಫೋಟೋ ಹಾಕಿದ್ದೆ.
ಹದಿನೆಂಟು ಅವನು ಕೊಟ್ಟದ್ದು:
ಹೈದರಾಬಾದಿನಿಂದ ಕರೆಸಿದ ಹುಡುಗ, ಕಪ್ಪು ಕನ್ನಡಕ,
ಬೈಕಿಗೆ ಒರಗಿ ಎತ್ತಲೋ ನೋಡುವವನು.
(ಬೈಕು ಎರ್ರಿಸ್ವಾಮಿಯ ಭಾಮೈದನದು.)
ಹತ್ತೊಂಬತ್ತನೆಯದು ನಾನೇ ತೆಗೆದದ್ದು, ಚಹಾ ಬರುವ ತನಕ ಬೇಸರಕ್ಕೆ:
ಪ್ಯಾಂಟಿನ ರಾಶಿ ನಡುವೆ ಕೂತ ಹುಸೇನಮ್ಮ,
ಕೈಯಲ್ಲಿ ಬೆರಳುದ್ದದ ಕತ್ತರಿ,
ಹೊಲಿಗೆ ಮುಗಿದ ಮೇಲೂ ಉಳಿದ ದಾರದ ತುದಿಗಳನ್ನು
ಕಚ್ ಕಚ್ ತೆಗೆಯುತ್ತ.
ಬಟ್ಟೆ ಬಣ್ಣ ಬಿಟ್ಟು ಬಿಟ್ಟು ಹೆಬ್ಬೆರಳ ಉಗುರು ನೀಲಿ.

ಹದಿನೈದು ದಿನಕ್ಕೆ ಫೋನು:
"ಏನಪಾ, ನಮ್ಮ ಕಂಪನಿ ಹೆಸರು ಒತ್ತಿದ್ರ
ಪಕ್ಕದಾಗ ಈ ಮುದುಕಿ ಬರ್ತಾಳ!
ಹೀರೋ ಎಲ್ಲಿಗೆ ಹೋದ?"

ಹುಡುಕಿದೆ. ನಿಜ.
ಅಂಗಡಿಗಳ ಉದ್ದ ಸಾಲಿನಲ್ಲಿ
ಒಂದು ಸಣ್ಣ ಚೌಕ,
ಅದರೊಳಗೆ ಹುಸೇನಮ್ಮ.

ಹೇಗೆ ಆರಿಸುತ್ತದೆ ಅದು?
ಅವನಿಗೆ ತಿಳಿಸಲು ಹೋಗಿ ನನಗೇ ಅಷ್ಟಿಷ್ಟು ತಿಳಿಯಿತು.
ಕಣ್ಣಿದ್ದರೂ ಅದು ಕಣ್ಣನ್ನು ಪೂರ್ತಿ ನಂಬುವುದಿಲ್ಲ.
ತಡವುತ್ತದೆ: ಅಗಲ ಎಷ್ಟು, ಎತ್ತರ ಎಷ್ಟು,
ಪುಟದ ತಲೆಯಲ್ಲೋ, ಕಾಲಲ್ಲೋ,
ಅಂಚು ಕತ್ತರಿಸಿದರೆ ಉಳಿಯುವುದೇನು
(ಹೀರೋನ ಅಂಚು ಕತ್ತರಿಸಿದರೆ ಬೈಕಿನ ಸೀಟು ಮಾತ್ರ).
ಆಮೇಲೆ ಪಕ್ಕದಲ್ಲಿ ಕಿವಿಯಿಟ್ಟು ಕೇಳುತ್ತದೆ,
ಈ ಚಿತ್ರಕ್ಕೆ ಹೆಸರೇನು?

ಹದಿನೆಂಟಕ್ಕೂ ನಾನು ಹೆಸರಿಟ್ಟಿರಲಿಲ್ಲ.
ಐಎಂಜಿ ಸೊನ್ನೆ ನಾಲ್ಕು ಏಳು, ಐಎಂಜಿ ಸೊನ್ನೆ ನಾಲ್ಕು ಎಂಟು.
ಇದೊಂದಕ್ಕೆ, ಯಾಕೋ, ಇಡೀ ಸಾಲು ಬರೆದಿದ್ದೆ:
ಬಳ್ಳಾರಿ ಜೀನ್ಸಿನ ಕೊನೆಯ ದಾರ ಕತ್ತರಿಸುತ್ತಿರುವ ಹುಸೇನಮ್ಮ.
ಯಾರೂ ಬಾಯಿ ಬಿಡದ ಮನೆಯಲ್ಲಿ
ಮಾತಾಡಿದವರನ್ನೇ ಯಜಮಾನರೆಂದು
ಬರೆದುಕೊಂಡು ಹೋಗುವ ಗಣತಿಯವನ ಹಾಗೆ
ಬರೆದುಕೊಂಡು ಹೋಗಿತ್ತು.

"ತೆಗಿ" ಅಂದ. ತೆಗೆದೆ.
ಹೀರೋಗೂ ಹೆಸರಿಟ್ಟೆ, ಮೇಲಕ್ಕೆ ಕೂರಿಸಿದೆ,
ಇವನೇ ನಮ್ಮ ಮುಖ ಎಂದು
ಓದುವವರಿಗೆ ಕಾಣದ ಕಡೆ ಗುಟ್ಟಾಗಿ ಬರೆದೆ.
ಇನ್ನು ಅದು ಮತ್ತೆ ಬರಬೇಕು, ನೋಡಬೇಕು, ಒಪ್ಪಬೇಕು.
ಹೇಳಿ ಕಳಿಸಿದರೆ ಬರುವ ಪೈಕಿ ಅಲ್ಲ.
ನಲ್ಲಿ ನೀರು ಬರುವ ದಿನವಾದರೂ ಗೊತ್ತು ನಮ್ಮ ಓಣಿಗೆ.

ಅಷ್ಟರಲ್ಲಿ ಹುಸೇನಮ್ಮ ಎದುರಿನ ಕಾರ್ಖಾನೆಗೆ ಹೋದಳು,
ಪೀಸಿಗೆ ನಾಲ್ಕಾಣೆ ಜಾಸ್ತಿ.
ಚೌಕದೊಳಗೆ ಮಾತ್ರ ಇಲ್ಲೇ ಕೂತು
ಎರ್ರಿಸ್ವಾಮಿಯ ದಾರ ಕತ್ತರಿಸುತ್ತಿದ್ದಳು.
ಸೊಲ್ಲಾಪುರದಿಂದ ಯಾರೋ ಮುನ್ನೂರು ಪೀಸು ಕೇಳಿದರಂತೆ,
ಆ ಅಮ್ಮ ನೋಡಿದ ಮಾಲೇ ಆಗಬೇಕಂತೆ.
ಹೂಂ ಅಂದ. ಇನ್ನೇನು ಅಂದಾನು.

ಮೋತಿ ಸರ್ಕಲ್ಲಿನಲ್ಲಿ ಸಿಕ್ಕಾಗ ಅವಳಿಗೆ ತೋರಿಸಿದೆ.
ಫೋನು ಹತ್ತಿರ ಹಿಡಿದಳು, ದೂರ ಹಿಡಿದಳು.
"ಇದಕ್ಕ ಏನಂತಾರ?"
ಥಂಬ್‌ನೇಲ್ ಅಂತಾರಮ್ಮ. ಹೆಬ್ಬೆರಳ ಉಗುರು.
ತನ್ನ ಉಗುರನ್ನು ಅದರ ಮೇಲಿಟ್ಟಳು. ಸರಿಯಾಗಿ ಮುಚ್ಚಿತು.
"ಇದಕ್ಕ ಪೀಸಿಗೆ ಎಷ್ಟು ಕೊಡ್ತಾರ?"

ಬಸ್ಸು ಬಂತು. ಇಬ್ಬರೂ ಹತ್ತಿದೆವು.
ಕಿಟಕಿಯಾಚೆ ಕುಂಬಾರ ಗುಡ್ಡ,
ಒಂದು ತಿರುವಿನಲ್ಲಿ ಮಲಗಿದ ಮನುಷ್ಯನ ಮುಖ,
ಮೂಗು, ತುಟಿ, ಗದ್ದ.
ಮುಂದಿನ ಸ್ಟಾಪಿಗೆ ಬರೀ ಬಂಡೆ.
ಫೋನು ಇನ್ನೂ ಅವಳ ಕೈಯಲ್ಲೇ ಇತ್ತು.