ಶ್ರೀಮಂಗಲದ ಮೇಲೆ ಮೂರು ನಿಮಿಷ

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನೆದುರು ನನ್ನ ಟಿಕೆಟ್ ಅಂಗಡಿ.
ರೈಲು ಹಾಯದ ಜಿಲ್ಲೆಯಲ್ಲಿ ರೈಲಿನ ಟಿಕೆಟ್,
ವಿಮಾನ ಇಳಿಯದ ಜಿಲ್ಲೆಯಲ್ಲಿ ವಿಮಾನದ ಟಿಕೆಟ್,
ಜೊತೆಗೆ ಜೆರಾಕ್ಸ್, ಲ್ಯಾಮಿನೇಶನ್.

ಒಂದು ಮಧ್ಯಾಹ್ನ ಚೋಮಣಿ ಬಂದರು,
ಸರ್ವೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಸರಪಳಿ ಎಳೆದವರು.
ಕೊಡೆ ಮಡಚಿ, ಬಾಗಿಲಾಚೆ ನೀರು ಕೊಡವಿ ಕೇಳಿದರು:
"ಮೈಸೂರಿಂದ ಕಣ್ಣೂರಿಗೆ, ಮೇಲಿಂದ, ಎಷ್ಟು ದೂರ ಮಗಳೇ?"

ಒತ್ತಿದೆ. ಪರದೆ ಹೇಳಿತು:
ನೂರ ಇಪ್ಪತ್ತನಾಲ್ಕು ಕಿಲೋಮೀಟರು.
ಹಾರಾಟದ ವೇಳೆ ಇಪ್ಪತ್ತೈದು ನಿಮಿಷ.
ಅದರ ಕೆಳಗೆ, ಕೆಂಪಕ್ಷರದಲ್ಲಿ:
ಈ ಮಾರ್ಗದಲ್ಲಿ ವಿಮಾನವಿಲ್ಲ.

"ಇಲ್ಲದಿದ್ದರೆ ಬೇಡ. ನನಗೇನೂ ಹೋಗಬೇಕಾಗಿಲ್ಲ.
ಆ ಗೆರೆ ಯಾರ ಜಮೀನಿನ ಮೇಲೆ ಹೋಗ್ತದೆ, ಅದು ಹೇಳು."

ನನ್ನ ಅಡಿಪಟ್ಟಿ ಇಸಿದುಕೊಂಡು ಪರದೆಗೇ ಒತ್ತಿ ಹಿಡಿದರು:
ಹುಣಸೂರಿನ ತೆಂಕಲು, ನಾಗರಹೊಳೆಯ ಕಾಡು,
ಶ್ರೀಮಂಗಲ, ಬಿರುನಾಣಿ, ಬೆಟ್ಟದ ಸಾಲು,
ಆಚೆ ಇಳಿದರೆ ಮಟ್ಟನ್ನೂರು.
ಮಾಕುಟ್ಟದ ತಿರುವುಗಳಲ್ಲಿ ವಾಂತಿಯ ಚೀಲ ಹಿಡಿದು ಕೂರುವವರಿಗೆ
ಇದನ್ನು ಹೇಳಬಾರದು, ಅಂದೆ.
ನಗಲಿಲ್ಲ.

"ಶ್ರೀಮಂಗಲದ ಮೇಲೆ ಎಷ್ಟು ಹೊತ್ತು?"
ನಿಮಿಷಕ್ಕೆ ಐದು ಕಿಲೋಮೀಟರಿನಂತೆ ಲೆಕ್ಕ ಹಾಕಿದೆ.
ಮೂರು ನಿಮಿಷ.

ಆ ಹೋಬಳಿ ಅಳೆಯಲು ನಮಗೆ ಹನ್ನೊಂದು ತಿಂಗಳು ಹಿಡಿಯಿತು, ಅಂದರು.
ಜಿಗಣೆಗೆ ಸುಣ್ಣ, ಹೊಗೆಸೊಪ್ಪು. ಮಧ್ಯಾಹ್ನಕ್ಕೆ ತಂಗಳು ಕಡಂಬುಟ್ಟು.
ಆನೆ ಬಂದ ದಿನ ಬಾವುಟ ನೆಟ್ಟಲ್ಲೇ ಬಿಟ್ಟು ಓಡಿದ್ದು.

ಆಮೇಲೆ ದನಿ ಇಳಿಯಿತು.
ಅಣ್ಣನ ಬಾಣೆಗೂ ತಮ್ಮನ ಗದ್ದೆಗೂ ನಡುವೆ ಒಂದು ತೋಡು.
ಆಚೆ ದಡದಲ್ಲಿ ಸರ್ವೆಯರು, ಈಚೆ ನಾನು.
ಇಳಿದು ಹತ್ತಲು ಸೋಮಾರಿತನ. ಹಸಿವು ಬೇರೆ.
ಸರಪಳಿಯನ್ನು ಗಾಳಿಯಲ್ಲೇ ಎಳೆದೆವು.
ನಡುವೆ ಜೋತುಬಿತ್ತು, ಬಟ್ಟೆ ಒಣಹಾಕಿದ ಹಗ್ಗದ ಹಾಗೆ.
ಬಿಗಿಯಾ, ಅಂದರು ಅವರು.
ಬಿಗಿ, ಅಂದೆ ನಾನು.
ಆ ಜೋಲೂ ಸೇರಿ ಪುಸ್ತಕಕ್ಕೆ ಹೋಯಿತು.

ಮೂರು ಸೆಂಟು.
ನಮ್ಮಲ್ಲಿ ಮಳೆಗೂ ಸೆಂಟು, ನೆಲಕ್ಕೂ ಸೆಂಟು.
ಮಾರ್ಚಿನಲ್ಲಿ ಮೂರು ಸೆಂಟು ಮಳೆ ಬಿದ್ದರೆ
ಯಾರೂ ಡೈರಿಯಲ್ಲಿ ಬರೆಯುವುದಿಲ್ಲ,
ಒಂದು ಕಾಫಿ ಮೊಗ್ಗೂ ಕಣ್ಣು ಬಿಡುವುದಿಲ್ಲ.
ನೆಲದ ಮೂರು ಸೆಂಟಿಗೆ ಅಣ್ಣ ತಮ್ಮ
ಇಪ್ಪತ್ತೆರಡು ಪುತ್ತರಿ
ಬೇರೆ ಬೇರೆ ಗದ್ದೆಯಲ್ಲಿ ಕದಿರು ತೆಗೆದರು.
ಈಗ ಅಣ್ಣನಿಲ್ಲ. ತಮ್ಮ ದಾರಿಯಲ್ಲಿ ಸಿಕ್ಕರೆ
ಇವತ್ತಿಗೂ ನನಗೆ ನಮಸ್ಕಾರ ಹೇಳುತ್ತಾನೆ.

"ಅಷ್ಟು ಮೇಲಿಂದ ಮೂರು ಸೆಂಟು ಕಾಣ್ತದಾ?"
ಕಾಣುವುದಿಲ್ಲ, ಅಂದೆ.
"ತೋಡು?"
ಮೋಡವಿಲ್ಲದಿದ್ದರೆ ಕಾಣಬಹುದೇನೋ.
ಖಂಡಿತ ಗೊತ್ತಿಲ್ಲ. ಇಷ್ಟು ಟಿಕೆಟ್ ಮಾರಿದ್ದೇನೆ,
ಒಮ್ಮೆಯೂ ಹತ್ತಿದವಳಲ್ಲ.

"ಪ್ರಿಂಟ್ ಕೊಡು."
ಐದು ರೂಪಾಯಿ. ಚಿಲ್ಲರೆ ಎಣಿಸಿಟ್ಟರು.
ಹಾಳೆಯನ್ನು ಮಡಚಲಿಲ್ಲ.
ಗೆರೆ ಎಲ್ಲಿ ಬಾಗುತ್ತದೋ ಎಂಬಂತೆ
ಅಂಗಿಯೊಳಗೆ ಎದೆಗೆ ಚಪ್ಪಟೆಯಾಗಿ ಒತ್ತಿಕೊಂಡು
ಕುಟ್ಟದ ಬಸ್ಸಿಗೆ ಓಡಿದರು.

ಶ್ರೀಮಂಗಲಕ್ಕೆ ಒಂದು ಗಂಟೆ,
ದಾರಿಯಲ್ಲಿ ಮರ ಬೀಳದಿದ್ದರೆ.