ಬಾಗಿದ ಮೂರು ಪಿನ್ನು

ರೂವಿಯ ಹಿಂದಿನ ಗಲ್ಲಿ, ಶುಕ್ರವಾರದ ಸಂಜೆ.
ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನೀಲಿ ಸೀಮೆಸುಣ್ಣದಲ್ಲಿ
ಲೆಕ್ಕ ಬರೆದಿದ್ದೇನೆ: ನೂರು ರಿಯಾಲು.
ಮೂವತ್ತೈದು ಐತಪ್ಪನದು, ನಲವತ್ತು ವಲೇರಿಯನ್ನನದು,
ಉಳಿದದ್ದು ನನ್ನದು. ನನಗೆ ಆಟ ಬರುವುದಿಲ್ಲ.
ದುಡ್ಡು ಕಾಯುವವನು ನಾನಾದ್ದರಿಂದ
ನಾನೂ ಪಾಲುದಾರ.

ಮೂರು ವಾರದಿಂದ ಕೋಣೆಯಲ್ಲಿ ಇದೇ ಜಗಳ.
ವಲೇರಿಯನ್ ಹೇಳುತ್ತಾನೆ: ಆರು ಕೋರ್ ಇರಲೇಬೇಕು,
ನಾಲ್ಕಾದರೆ ಬರುವ ವರ್ಷದ ಆಟಕ್ಕೇ ಏದುಸಿರು.
ಐತಪ್ಪ ಕೇಳುತ್ತಾನೆ: ಕೋರ್ ಅಂದರೆ ಎಂಥದ್ದು ಮಾರಾಯ,
ಸಿಲಿಂಡರಾ?
ಹಾಗೇ ಅಂದುಕೊ.
ಹಾಗಾದರೆ ನನ್ನ ಟ್ಯಾಂಕರಿಗೂ ಆರು. ಆರೇ ಇರಲಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವವರು
ನಮ್ಮ ಕಬ್ಬಿಣದ ಮಂಚ ನೋಡಿಲ್ಲ.
ಐತಪ್ಪನ ಪಾದ ಯಾವತ್ತೂ ಹೊರಗೇ.

ಗುಲ್‌ಜಮಾನನ ಅಂಗಡಿ, ಲಿಫ್ಟಿನಷ್ಟು ಅಗಲ.
ಮೂವತ್ತೆಂಟಕ್ಕೆ ಹೊಸ ಆರು ಕೋರು, ಸೀಲು ಒಡೆದಿಲ್ಲ.
ಇಪ್ಪತ್ತೊಂಬತ್ತಕ್ಕೆ ನಾಲ್ಕು.
ಆರನ್ನು ಕೊಂಡರೆ ಗ್ರಾಫಿಕ್ಸ್ ಕಾರ್ಡಿಗೆ ಕಾಸಿಲ್ಲ,
ಕಾರ್ಡು ಕೊಂಡರೆ ಆರು ಇಲ್ಲ.
ಕೋಟಿಗೆ ಒಳ್ಳೆ ಬಟ್ಟೆ ತಂದು
ಅಸ್ತರಿಗೆ ಕೈ ಖಾಲಿಯಾದ ಗಿರಾಕಿಯನ್ನು ಎಷ್ಟೋ ನೋಡಿದ್ದೇನೆ.
ಇವತ್ತು ಅಂಗಡಿಯ ಗಾಜಿನಲ್ಲಿ ನೋಡಿದೆ.

ಆಗ ಅವನು ಗಲ್ಲಾಪೆಟ್ಟಿಗೆಯ ಕೆಳಗಿಂದ
ಸ್ಪಂಜಿನಲ್ಲಿ ಸುತ್ತಿದ ಒಂದನ್ನು ತೆಗೆದ.
ಇದು ಹದಿನಾಲ್ಕು. ಆರು ಕೋರೇ. ಯಾರೋ ಬೀಳಿಸಿದ್ದು.
ಮೂರು ಪಿನ್ನು ಬಾಗಿದೆ. ಗ್ಯಾರಂಟಿ ಕೇಳಬೇಡಿ,
ವಾಪಸು ತರಬೇಡಿ.

ವಲೇರಿಯನ್ ಮುಖ ತಿರುಗಿಸಿದ.
ನಾನು ಕನ್ನಡಕ ಹಣೆಗೇರಿಸಿ ಹತ್ತಿರ ಹಿಡಿದೆ.
ಸಾವಿರದ ಮುನ್ನೂರ ಮೂವತ್ತೊಂದು ಪಿನ್ನಂತೆ.
ಮಖಮಲ್ಲಿನ ಜುಂಗು ಒಂದು ಮೂಲೆಯಲ್ಲಿ ಮಾತ್ರ
ತಪ್ಪು ದಿಕ್ಕಿಗೆ ಒರಗಿದ ಹಾಗೆ.

ಇಪ್ಪತ್ತಾರು ವರ್ಷ ಕುಮ್ಮಾ ಟೋಪಿಗೆ ಕಣ್ಣು ಹೊಲಿದ ಕೈ ಇದು.
ಗಾಳಿಯಾಡಲೆಂದು ನೆತ್ತಿಯ ಸುತ್ತ ಸಾಸಿವೆಯಷ್ಟು ತೂತು,
ಪ್ರತಿ ತೂತಿಗೂ ರೇಷ್ಮೆಯ ದಡ.
ಈ ಪಿನ್ನುಗಳು ಇಳಿಯುವ ಸಾಕೆಟ್ಟೂ ಅಂಥದೇ ಟೋಪಿ,
ತಲೆಕೆಳಗಾಗಿ ಮಲಗಿದೆ, ಅಷ್ಟೇ.

ಕೊಡು, ಅಂದೆ.

ರಾತ್ರಿ. ಅತಿ ಸಪೂರದ ಸೂಜಿ, ಹೊಲಿಗೆ ಯಂತ್ರದ ದೀಪ.
ಮೊದಲನೆಯದು ಹೇಳಿದ ಮಾತು ಕೇಳಿತು.
ಎರಡನೆಯದಕ್ಕೆ ಸ್ವಲ್ಪ ಹಟ.
ಮೂರನೆಯದಕ್ಕೆ ಮುಂಚೆ, ಏಸಿ ಆರಿಸಿ ಅಂದೆ,
ಅದರ ನಡುಕ ಮೇಜಿಗೆ ಬರುತ್ತದೆ.
ಜೂನ್ ತಿಂಗಳು. ಮೂವರೂ ಬೆವೆತೆವು.
ಮುರಿದರೆ ಏಳು ದಿಶ್‌ದಾಶದ ಹೊಲಿಗೆ ಕೂಲಿ ಹೋಯಿತು,
ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಒತ್ತಬೇಡ, ಅಂದ ವಲೇರಿಯನ್,
ತನ್ನ ಭಾರಕ್ಕೆ ತಾನೇ ಇಳಿಯಬೇಕು.
ಇಳಿಯಿತು.
ಗುಂಡಿ ಕಾಜದೊಳಗೆ ಹೋಗುವ ಸದ್ದು,
ಅಂದರೆ ಸದ್ದೇ ಇಲ್ಲ.

ಫ್ಯಾನು ತಿರುಗಿತು. ಪರದೆ ಕಪ್ಪು.
ಐತಪ್ಪ ಅಂದ: ನನ್ನ ಗಾಡಿಯೂ
ಒಂದೇ ಸೆಲ್ಫಿನಲ್ಲಿ ಹಿಡಿಯುವುದಿಲ್ಲ, ಇರು.
ಕಳಚಿದೆವು, ಊದಿದೆವು, ಮತ್ತೆ ಕೂರಿಸಿದೆವು.
ಮೂರನೆಯ ಸಲ ಬೆಳಕು ಬಂತು,
ಮೂಲೆಯಲ್ಲಿ ಆರು ಅಂತ ಬರೆದಿತ್ತು.

ಈಗ ಗಂಟೆ ಒಂದೂವರೆ.
ಹಗಲೆಲ್ಲ ಅಮರಾತಿನ ಗುಡ್ಡಕ್ಕೆ ಆರು ಟ್ರಿಪ್ಪು ನೀರು ಹೊತ್ತವನು
ಯಾವುದೋ ಹಿಮದ ದೇಶದಲ್ಲಿ
ಮರದ ದಿಮ್ಮಿಯ ಲಾರಿ ಓಡಿಸುತ್ತಿದ್ದಾನೆ.
ಹಿಂದೆ ಯಾರೂ ಇಲ್ಲ, ಮುಂದೆಯೂ ಇಲ್ಲ,
ಆದರೂ ಪ್ರತಿ ತಿರುವಿನಲ್ಲಿ ಇಂಡಿಕೇಟರ್ ಹಾಕುತ್ತಾನೆ.
ವಲೇರಿಯನ್ನನ ಕಣ್ಣು ಅಂಕಿಯ ಮೇಲೆ: ಎಂಬತ್ತೆರಡು ಡಿಗ್ರಿ,
ಬಿಸಿ ಜಾಸ್ತಿ, ಬರುವ ತಿಂಗಳು ಬೇರೆ ಕೂಲರ್ ಬೇಕು,
ಎಂಟು ರಿಯಾಲಾದರೂ ಬೇಕು.

ನಾನು ಸೀಮೆಸುಣ್ಣ ಹುಡುಕುತ್ತೇನೆ.
ಬೆಳಿಗ್ಗೆ ಒಯ್ಯಲು ಬರುವವರ ಕುಮ್ಮಾದಲ್ಲಿ
ಇನ್ನೂ ನಲವತ್ತು ಕಣ್ಣು ಬಾಕಿ.
ಆ ಸೂಜಿ ಎಲ್ಲಿಟ್ಟೆನೋ.