ವೇಬಿಲ್

ನೂರಾ ಎಂಬತ್ತು ದಿನ ರಜಾ ಅಂತ
ಡಿಪೋದಾಗ ಸಿಕ್ಕಾ ಹೊಡದು ಕೊಟ್ರು.
ಸಿಕ್ಕಾದ ಮಸಿ ಆರೂದ್ರಾಗ
ನಲವತ್ತೊಂದು ಮುಗದಾವು.

ಅವ್ವ ಅಂತಾಳ, ರಜಾ ಐತೆಲ್ಲ, ಮಲಕೋ.
ಯಾವಾಗ ಮಲಕೊಳ್ಳಲಿ?
ಹೊರಸಿನ ಕೆಳಗ ಶೇಗಡಿ,
ಅಜವಾನದ ಹೊಗಿ, ಕಿವ್ಯಾಗ ಅರಳಿ, ತಲಿಗೆ ಬಿಗಿದ ಅರಿವಿ.
ಬನಹಟ್ಟಿಯ ಏಪ್ರಿಲ್ ಬಿಸಲಾಗ
ಒಲಿ ಮ್ಯಾಲೆ ಅಳವಿ ಪಾಯಸ, ಹೊರಸಿನ ಮ್ಯಾಲೆ ನಾನು,
ಯಾವುದು ಮೊದಲ ಬೇಯತೈತೋ ನೋಡಬೇಕು.

ಐವತ್ತು ಸೀಟಿನ ಗಾಡ್ಯಾಗ
ನೂರಾ ಹತ್ತು ಮಂದಿ ತುಂಬಿದ್ರೂ
ಒಂದ ಕಾಲ ಮ್ಯಾಲೆ ನಿಂತು
ಮುಧೋಳ ಬಿಟ್ಟು ಲೋಕಾಪುರ ಮುಟ್ಟೂದ್ರಾಗ
ಎಲ್ಲಾರಿಗೂ ಟಿಕೆಟ್ ಹರದು ಕೊಟ್ಟಾಕಿ ನಾ.
ನಾಕ ಕಿಲೋದ ಈಕಿ ಒಬ್ಬಾಕಿ
ನನ್ನ ಸೋಲಿಸ್ಯಾಳ.
ಎಲ್ಲಿಗೆವ್ವಾ ತಂಗಿ, ಎಲ್ಲಿ ಇಳಿಯಾಕಿ ಅಂತ ಕೇಳಿದ್ರ
ಮುಷ್ಟಿ ಬಿಗಿ ಹಿಡದು
ಕೆಂಪಗಾಗತಾಳ.

ಹಳೇ ವೇಬಿಲ್ಲಿನ ಬೆನ್ನಿಗೆ ಬರಕೋತೀನಿ:
ಹನ್ನೊಂದೂ ಹತ್ತು, ಎಡಕ.
ಒಂದೂ ಕಾಲು, ಬಲಕ.
ಒಂದೂ ನಲವತ್ತು, ಮತ್ತ ಬಲಕ, ತಪ್ಪಿತು.
ಎರಡಕ್ಕ ಆಕಿ ಕಕ್ಕಿದಳು.
ಎರಡೂ ಐದಕ್ಕ ನಾ ಅತ್ತೆ.
ಅದನ್ನ ಬರದು, ಗೀಟು ಹೊಡದೆ.
ಲೆಕ್ಕ ಹೆಚ್ಚುಕಮ್ಮಿ ಆದ್ರ ಪಗಾರದಾಗ ಮುರಕೋತಾರ,
ಹನ್ನೊಂದು ವರ್ಷದ ರೂಢಿ, ಸುಮ್ಮನ ಬಿಡಂಗಿಲ್ಲ.

ಇವರು ಐತವಾರ ಬರತಾರ.
ಎತಗೊಂಡು ಕುಂತು, ನನ್ನಂಗ ಮೂಗು ಅಂತಾರ,
ಹಸೀ ಮಾಡಿದ ಕೂಡ್ಲೇ ನಿನ್ನ ಮಗಳು ಅಂತ
ನನ್ನ ಕೈಗೆ ಇಡತಾರ.

ನಮ್ಮ ಡ್ರೈವರ್ ತುಂಗಳ ಮಾಮಾ ಫೋನ್ ಮಾಡಿದ್ದ:
ನಿನ್ನ ಬದ್ಲಿ ಬಂದ ಹುಡುಗ ಸೀಟಿ ಊದಾಕ ನಾಚತಾನವ್ವ,
ಆದ್ರೂ ಗಾಡಿ ಟೈಮಿಗೆ ಹೊಂಟೈತಿ ತಗೋ.
ನಕ್ಕೆ. ನಗೂದ್ರಾಗ ಕುಪ್ಪಸ ತೊಯ್ತು.
ಆದ್ರೂ ಟೈಮಿಗೆ ಹೊಂಟೈತಿ ಅನ್ನೂ ಮಾತು
ಸಂಜೀತನಕ ಗಂಟಲದಾಗ ಕುಂತಿತ್ತು.

ಬಾಗಲಕೋಟ್ಯಾಗ ಗಾಡಿ ಹತ್ತ ನಿಮಿಷ ನಿಲ್ಲತೈತಿ.
ಅಷ್ಟರಾಗ ಕಂಟ್ರೋಲರ್ ಸಹಿ, ಒಂದ ಕಪ್ಪು ಚಾ,
ಬಾಗಲಿಗೆ ಚಿಲಕ ಇಲ್ಲದ ಪಾಯಖಾನಿ.
ನೂರಾ ಎಂಬತ್ತೊಂದನೇ ದಿನ
ಈ ಹಾಲು ಎಲ್ಲಿ ಹಿಂಡಲಿ ಅಂತ
ಯಾವ ಸಾಹೇಬರ ಮುಂದ ನಿಂತು ಕೇಳಲಿ?
ಅವ್ವನ್ನ ಕೇಳಿದೆ.
ಸೆರಗು ಹಿಂಡಿಕೋತ ನೇಯ್ದೀವಿ ನಾವು, ಅಂದಳು,
ಡಿಂಕದ ಉಂಡಿ ಮುಂದ ಇಟ್ಟಳು.

ಗೋಡಿ ಆಚಿಕಿ ಮಗ್ಗ.
ಹಗಲೂ ರಾತ್ರಿ ಖಟಪಟ ಖಟಪಟ.
ನೋಡಾಕ ಬಂದವರು ಕೇಳತಾರ,
ಈ ಗದ್ದಲದಾಗ ಕೂಸು ಹೆಂಗ ಮಲಗತೈತಿ?
ಗದ್ದಲ ಇದ್ರ ಮಲಗತೈತಿ.
ನಿನ್ನೆ ನಡುರಾತ್ರಿ ಕರೆಂಟ್ ಹೋತು,
ಓಣ್ಯಾನ ಮಗ್ಗ ಎಲ್ಲಾ ಒಮ್ಮೆಲೆ ನಿಂತವು,
ಆ ಸುಮ್ಮನಿದ್ದದ್ದಕ್ಕ ಬೆಚ್ಚಿ
ಎದ್ದಳು.

ಜೋಗುಳ ನನಗ ಎರಡ ಸಾಲಿನ ಮುಂದ ಬರಂಗಿಲ್ಲ.
ಹೆಗಲಿಗೆ ಹಾಕ್ಕೊಂಡು ಕತ್ತಲದಾಗ ಅಡ್ಡಾಡಿದೆ:
ಜಮಖಂಡಿ. ಮುಧೋಳ. ಲೋಕಾಪುರ.
ಕಲಾದಗಿ,
ಅಲ್ಲಿ ಚಿಕ್ಕು ಬುಟ್ಟಿ ಏರಿಸೂ ಮುದುಕಿ ನೆನಪಾಗಿ
ತುಸು ನಿಂತೆ.
ನಿಂತ ಕೂಡ್ಲೇ ಕಿರಚಿದಳು.
ರೈಟ್ ರೈಟ್, ಅಂದೆ,
ಮುದುಕಿಯನ್ನ ಅಲ್ಲೇ ಬಿಟ್ಟು ಹೊಂಟೆ.

ಗದ್ದನಕೇರಿ ಕ್ರಾಸಿಗೆ
ಕುತಗಿ ಮ್ಯಾಲೆ ಬೆಚ್ಚನ ಉಸಿರು ಬಿತ್ತು.
ಮುಂದಿನ ಹೆಸರು ಬಾಯಿತನಕ ಬಂದಿತ್ತು.
ಹೇಳಲಿಲ್ಲ.
ಹೇಳಿದ್ರ
ಇಬ್ಬರೂ ಇಳಿಯಬೇಕಾಗತಿತ್ತು.